ಸಹಿ ಹಾಕೋ ಹೊತ್ತಿಗೆ ಸಿನಿಮಾ ಮುಗಿದಿರುತ್ತೆ

'ದೀವಾರ್' ಅಂದ ತಕ್ಷಣ ಏನು ನೆನಪಾಗುತ್ತೆ ಅಂತ ಯಾರನ್ನಾದರೂ ಕೇಳಿ ನೋಡಿ. ಸೇತುವೆ ಕೆಳಗೆ ಎದುರುಬದುರು ನಿಂತ ಅಣ್ಣ ತಮ್ಮ. ಗೋದಾಮಿನ ಬಾಗಿಲು ಒಳಗಿನಿಂದ ಹಾಕಿಕೊಂಡು ಹೊಡೆದಾಡೋ ಅಮಿತಾಭ್. 786ರ ಬಿಲ್ಲೆ. ಅಮ್ಮ. ನಾನು ಕೇಳಿದವರಲ್ಲಿ ಒಬ್ಬರೂ 'ಒಂದು ಅಗ್ರಿಮೆಂಟು' ಅಂದಿಲ್ಲ. ಆದರೆ 1975ರ ಆ ಸಿನಿಮಾದ ಅಷ್ಟೂ ಕಥೆ ಹುಟ್ಟೋದು ಒಂದು ಅಗ್ರಿಮೆಂಟಿನಿಂದಲೇ. ಕಾರ್ಮಿಕರ ನಾಯಕ ಆನಂದಬಾಬು (ಸತ್ಯೇನ್ ಕಪ್ಪು ಆ ಪಾತ್ರ ಮಾಡಿದ್ದರು) ಮಾಲೀಕನ ಜೊತೆ ಮಾತುಕತೆಗೆ ಹೋಗ್ತಾನೆ. ಹೆಂಡತಿ ಮಕ್ಕಳ ಜೀವ ಪಣಕ್ಕಿಟ್ಟು ಮಾಲೀಕ ಅವನ ಕೈಯಲ್ಲಿ ಸಹಿ ಹಾಕಿಸಿಕೊಳ್ತಾನೆ. ನಿನ್ನೆ ಜೈಕಾರ ಹಾಕಿದ ಜನವೇ ಇವತ್ತು ದ್ರೋಹಿ ಅಂತ ಹೊಡೆಯುತ್ತಾರೆ. ಆತ ಊರು ಬಿಟ್ಟು ಕಣ್ಮರೆಯಾಗ್ತಾನೆ. ಅವನ ದೊಡ್ಡ ಮಗನ ಕೈ ಮೇಲೆ, ನಿಮ್ಮಪ್ಪ ಕಳ್ಳ ಅನ್ನೋ ಅರ್ಥದ ಹಚ್ಚೆ ಬೀಳುತ್ತೆ.

ನನಗೆ ಒಂದು ಸಣ್ಣ ಕುತೂಹಲ. ಆ ಕಾಗದದಲ್ಲಿ ಏನಿತ್ತು? ಎಷ್ಟು ಕೂಲಿಗೆ ಒಪ್ಪಿದ? ಪಾಳಿ ಎಷ್ಟು ಗಂಟೆ? ಎಷ್ಟು ವರ್ಷಕ್ಕೆ ಅನ್ವಯ? ಸಿನಿಮಾ ಹೇಳೋದಿಲ್ಲ. ಹೇಳಬೇಕಾಗಿಯೂ ಇಲ್ಲ, ಯಾಕಂದ್ರೆ ಸಲೀಂ-ಜಾವೇದ್ ಅವರಿಗೆ ಬೇಕಿದ್ದದ್ದು ಹಚ್ಚೆ. ಕಾಗದ ಅದಕ್ಕೊಂದು ನೆಪ. ಹೆದರಿಸಿ ಹಾಕಿಸಿದ ಸಹಿಗೆ ಕಾನೂನಿನಲ್ಲಿ ಬೆಲೆ ಇದೆಯೇ, ಕಾರ್ಮಿಕರು ಅದನ್ನು ಪ್ರಶ್ನಿಸಬಹುದಿತ್ತೇ ಅನ್ನೋದನ್ನ ಯೋಚಿಸೋಕೆ ಚಿತ್ರಕಥೆ ನಮಗೆ ಪುರುಸೊತ್ತೇ ಕೊಡಲ್ಲ. ಒಪ್ಪಂದ ಅಂದ್ರೆ ದ್ರೋಹ. ಮೊದಲ ರೀಲುಗಳಲ್ಲೇ ತೀರ್ಮಾನ ಆಗಿಬಿಟ್ಟಿರುತ್ತೆ.

ಅದಕ್ಕಿಂತ ಎರಡು ವರ್ಷ ಮೊದಲು ಬಂದ ಹೃಷಿಕೇಶ್ ಮುಖರ್ಜಿಯವರ 'ನಮಕ್ ಹರಾಮ್' ಈ ವಿಷಯದಲ್ಲಿ ಹೆಚ್ಚು ಬುದ್ಧಿವಂತ ಸಿನಿಮಾ. ಮಾಲೀಕನ ಮಗನಿಗೆ ಯೂನಿಯನ್ ನಾಯಕನ ಮೇಲೆ ಸೇಡು. ತನ್ನ ಜೀವದ ಗೆಳೆಯನನ್ನೇ ಕೆಲಸಗಾರನ ವೇಷದಲ್ಲಿ ಕಾರ್ಖಾನೆಯೊಳಗೆ ಕಳಿಸ್ತಾನೆ. ಈ ಹೊಸಬ ಏನು ಕೇಳಿದರೂ ಆಡಳಿತ ಮಂಡಳಿ ಒಪ್ಪಿಕೊಳ್ಳುತ್ತೆ. ಹಳೇ ನಾಯಕ, ಎ.ಕೆ. ಹಾನಗಲ್ ಮಾಡಿದ ಬಿಪಿನ್‌ಲಾಲ್, ಏನೂ ಗಿಟ್ಟಿಸಲಾಗದ ಮುದುಕನ ಹಾಗೆ ಕಾಣತೊಡಗುತ್ತಾನೆ. ಚುನಾವಣೆಯಲ್ಲಿ ಯಾರು ಗೆಲ್ಲಬೇಕು ಅಂತ ತೀರ್ಮಾನ ಮಾಡಿದ್ದು ಕಾರ್ಮಿಕರಲ್ಲ, ಎದುರು ಕುರ್ಚಿಯಲ್ಲಿ ಕೂತವರು. ಯಾರ ಜೊತೆ ಬೇಗ ಒಪ್ಪಂದಕ್ಕೆ ಬರ್ತೀವಿ, ಯಾರ ಜೊತೆ ತಿಂಗಳುಗಟ್ಟಲೆ ಎಳೆದಾಡ್ತೀವಿ ಅನ್ನೋದರಿಂದಲೇ ನಾಯಕರು ಹುಟ್ತಾರೆ, ಸಾಯ್ತಾರೆ. ಕಾರ್ಖಾನೆಯಲ್ಲಿ ನಾಲ್ಕು ವರ್ಷ ದುಡಿದ ಯಾರಿಗೇ ಆದರೂ ಇದು ಗೊತ್ತಿರೋ ಸಂಗತಿ. ಹಿಂದಿ ಸಿನಿಮಾದಲ್ಲಿ ಇಷ್ಟು ಸ್ಪಷ್ಟವಾಗಿ ಇದನ್ನ ಹೇಳಿದ್ದು ಇನ್ನೊಂದು ನನಗೆ ನೆನಪಿಲ್ಲ. ಆಮೇಲೆ ಕಥೆ ಗೆಳೆತನ, ಪ್ರಾಯಶ್ಚಿತ್ತ ಅಂತ ಬೇರೆ ಕಡೆ ಹೊರಟುಹೋಗುತ್ತೆ, ಆ ಮಾತು ಬಿಡಿ. ಇಲ್ಲೂ ಕೂಡ ಒಪ್ಪಂದ ಅನ್ನೋದು ಒಂದು ನಾಟಕ. ಒಂದು ಸಿನಿಮಾದಲ್ಲಿ ಬಲವಂತದ್ದು, ಇನ್ನೊಂದರಲ್ಲಿ ಸುಳ್ಳಿನದು. ಸರಿಯಾಗಿ ಮಾತಾಡಿ, ಜಗಳ ಆಡಿ, ಅರ್ಧ ಗೆದ್ದು ಅರ್ಧ ಬಿಟ್ಟುಕೊಟ್ಟು ಮಾಡಿದ ಒಪ್ಪಂದ ಯಾವ ಪರದೆ ಮೇಲೆ ಇದೆ?

ಹೊರದೇಶದ ಸಿನಿಮಾಗಳು ಇದರಲ್ಲಿ ವಾಸಿ ಅಂತ ಅಂದುಕೊಳ್ಳಬೇಡಿ. ಮಾರ್ಟಿನ್ ರಿಟ್ ನಿರ್ದೇಶನದ 'ನಾರ್ಮಾ ರೇ' (1979) ನನಗೆ ತುಂಬ ಇಷ್ಟದ ಚಿತ್ರ. ಅಮೆರಿಕದ ದಕ್ಷಿಣದ ಬಟ್ಟೆ ಗಿರಣಿ, ಕಿವಿ ಕಿವುಡಾಗಿಸೋ ಮಗ್ಗಗಳ ಸದ್ದು. ನಾಯಕಿ ಮೇಜಿನ ಮೇಲೆ ಹತ್ತಿ 'ಯೂನಿಯನ್' ಅಂತ ಬರೆದ ರಟ್ಟು ಎತ್ತಿ ಹಿಡೀತಾಳೆ, ಒಂದೊಂದೇ ಯಂತ್ರ ನಿಲ್ಲುತ್ತೆ. ಆ ಪಾತ್ರಕ್ಕೆ ಸ್ಯಾಲಿ ಫೀಲ್ಡ್‌ಗೆ ಆಸ್ಕರ್ ಬಂತು, ಬರಲೇಬೇಕಿತ್ತು. ಕೊನೆಯಲ್ಲಿ ಮತ ಎಣಿಕೆ, ಯೂನಿಯನ್ ಗೆಲ್ಲುತ್ತೆ, ಕೇಕೆ. ಸಂಘಟಕ ಕಾರು ಹತ್ತಿ ಹೊರಡ್ತಾನೆ. ಸಿನಿಮಾ ಮುಗೀತು.

ಇದರ ಹಿಂದಿರೋ ನಿಜಕಥೆ ನಾರ್ತ್ ಕೆರೊಲಿನಾದ ರೊನೋಕ್ ರ‍್ಯಾಪಿಡ್ಸ್ ಊರಿನ ಜೆ.ಪಿ. ಸ್ಟೀವನ್ಸ್ ಗಿರಣಿಗಳದ್ದು. ಅಲ್ಲಿ ಯೂನಿಯನ್ ಮತದಾನದಲ್ಲಿ ಗೆದ್ದಿದ್ದು 1974ರಲ್ಲಿ. ಕಂಪನಿ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ್ದು 1980ರಲ್ಲಿ! ನಡುವೆ ಆರು ವರ್ಷ. ಮತ ಹಾಕಿದವರು ಆ ಆರು ವರ್ಷವೂ ಅದೇ ಧೂಳಿನಲ್ಲಿ, ಅದೇ ಮೇಸ್ತ್ರಿಗಳ ಕೆಳಗೆ ಕೆಲಸ ಮಾಡಿದರು. ದೇಶದ ತುಂಬ ಆ ಕಂಪನಿಯ ಸರಕಿಗೆ ಬಹಿಷ್ಕಾರ, ಅದರ ಮಂಡಳಿಯಲ್ಲಿ ಕೂತವರ ಮೇಲೆ ಒತ್ತಡ, ಕೋರ್ಟು. ಸಿನಿಮಾ ತೆರೆಗೆ ಬಂದು ಜನ ಕಣ್ಣೊರೆಸಿಕೊಂಡು ಹೊರಗೆ ಬರ್ತಿದ್ದ ದಿನಗಳಲ್ಲೂ ಆ ಗಿರಣಿಯಲ್ಲಿ ಒಪ್ಪಂದ ಆಗಿರಲಿಲ್ಲ. ಗೆಲುವಿನ ದೃಶ್ಯ ಅಂತ ನಾವು ನೋಡಿದ್ದು ಜಗಳದ ಮೊದಲ ಅಂಕ.

'ಮೇಡ್ ಇನ್ ಡ್ಯಾಗೆನ್ಹಮ್' (2010) ಇನ್ನೊಂದು. 1968ರ ಜೂನ್‌ನಲ್ಲಿ ಲಂಡನ್ ಹತ್ತಿರದ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟಿನ ಕವರ್ ಹೊಲೀತಿದ್ದ 187 ಹೆಂಗಸರು ಕೆಲಸ ನಿಲ್ಲಿಸಿದರು. ಸೀಟಿಲ್ಲದ ಕಾರು ಯಾರು ಕೊಳ್ತಾರೆ? ಇಡೀ ಕಾರ್ಖಾನೆ ನಿಂತಿತು. ಮಂತ್ರಿ ಬಾರ್ಬರಾ ಕ್ಯಾಸಲ್ ಅವರನ್ನ ಕರೆಸಿ ಮಾತಾಡಿದರು. ಗಂಡಸರ ದರದ ಶೇ. 92ಕ್ಕೆ ಒಪ್ಪಂದ ಆಯ್ತು, 1970ರಲ್ಲಿ ಸಮಾನ ವೇತನ ಕಾಯ್ದೆ ಬಂತು. ಸಿನಿಮಾ ಇದನ್ನ ತುಂಬ ಚೆಂದ, ನಗ್ತಾ ನಗಿಸ್ತಾ ಹೇಳುತ್ತೆ. ಆದರೆ ಆ ಹೆಂಗಸರ ಮೂಲ ತಕರಾರು ಬೇರೆಯೇ ಇತ್ತು. ಕಂಪನಿಯ ಹೊಸ ದರ್ಜೆ ಪಟ್ಟಿಯಲ್ಲಿ ಅವರನ್ನ 'ಬಿ' ದರ್ಜೆಗೆ ಹಾಕಿದ್ದರು. ಅವರು ಕೇಳಿದ್ದು ಹೆಚ್ಚು ಕೌಶಲದ 'ಸಿ' ದರ್ಜೆ. ಕೆಳಗಿನ ದರ್ಜೆಗೆ ಹಾಕಿದ್ದಲ್ಲದೆ ಅದರಲ್ಲೂ ಗಂಡಸರ ದರದ ಶೇ. 85 ಮಾತ್ರ ಕೊಡ್ತಿದ್ದರು. ದರ್ಜೆಯ ಮಾತು ಸಿನಿಮಾದ ಶುರುವಿನಲ್ಲಿ ಬರುತ್ತೆ, ಆಮೇಲೆ ಸಮಾನತೆಯ ಘೋಷಣೆಯಲ್ಲಿ ಮುಳುಗಿಹೋಗುತ್ತೆ. 1968ರ ಒಪ್ಪಂದದಲ್ಲೂ ಹಾಗೇ ಮುಳುಗಿತ್ತು. ಹೊಲಿಗೆಯೂ ಒಂದು ಕೌಶಲ ಅಂತ ಕಾಗದದ ಮೇಲೆ ಬರಿಸೋಕೆ ಅವರು 1984ರಲ್ಲಿ ಇನ್ನೊಮ್ಮೆ, ಆರು ವಾರ, ಕೆಲಸ ನಿಲ್ಲಿಸಬೇಕಾಯ್ತು. ಹದಿನಾರು ವರ್ಷ. ಅದರ ಸಿನಿಮಾ ಯಾರೂ ತೆಗೆದಿಲ್ಲ.

ಮುಷ್ಕರ ನೋಡೋಕೆ ಚೆಂದ, ಚೌಕಾಸಿ ಬೋರು, ಕ್ಯಾಮೆರಾಕ್ಕೆ ಅದರಲ್ಲಿ ಏನಿದೆ ಅಂತ ಸಿನಿಮಾದ ಗೆಳೆಯರು ಹೇಳ್ತಾರೆ. ನಾನು ಇದನ್ನ ಒಪ್ಪಲ್ಲ. 'ಟ್ವೆಲ್ವ್ ಆಂಗ್ರಿ ಮೆನ್' ಇರೋದು ಒಂದು ಕೋಣೆ, ಹನ್ನೆರಡು ಜನ, ಬರೀ ಮಾತು. ಯಾರೂ ಆಕಳಿಸಿಲ್ಲ. ರಾತ್ರಿ ಎರಡು ಗಂಟೆಗೆ ಲೇಬರ್ ಆಫೀಸಿನಲ್ಲಿ ಕೂತು ಇನ್ನೂರು ರೂಪಾಯಿ ಇಂಕ್ರಿಮೆಂಟಿಗೆ ಬದಲಾಗಿ ಟೀ ಬ್ರೇಕಿನ ಐದು ನಿಮಿಷ ಬಿಟ್ಟುಕೊಡೋದಾ ಬೇಡವಾ ಅಂತ ಏಳು ಜನ ಒಬ್ಬರ ಮುಖ ಒಬ್ಬರು ನೋಡ್ತಿರೋ ಗಳಿಗೆಯಲ್ಲಿ ನಾಟಕ ಇಲ್ಲವೇ?

ಸಿನಿಮಾದವರನ್ನಷ್ಟೇ ಬೈಯೋದೂ ಸರಿಯಲ್ಲ, ನಮ್ಮ ನುಡಿಯಲ್ಲೇ ಸ್ವಲ್ಪ ತೊಡಕಿದೆ. ಪಠ್ಯಪುಸ್ತಕದವರು ಇದನ್ನ 'ಸಾಮೂಹಿಕ ಚೌಕಾಸಿ' ಅಂತಾರೆ. ಕೇಳಿದರೆ ಕೆ.ಆರ್. ಮಾರ್ಕೆಟ್ಟಿನಲ್ಲಿ ನಾಲ್ಕು ಜನ ಸೇರಿ ಬದನೆಕಾಯಿ ಕೊಳ್ಳೋ ಹಾಗಿದೆ. ಕಾನೂನಿನ ಕನ್ನಡದಲ್ಲಿ 'ರಾಜಿ ಸಂಧಾನ'. ಈ ರಾಜಿ ಅನ್ನೋ ಪದಕ್ಕೆ ಕನ್ನಡದಲ್ಲಿ ಮರ್ಯಾದೆಯೇ ಇಲ್ಲ. 'ರಾಜಿಯಿಲ್ಲದ ಹೋರಾಟಗಾರ' ಅಂದ್ರೆ ಹೊಗಳಿಕೆ, 'ರಾಜಿಯಾದ' ಅಂದ್ರೆ ಮಾರಿಕೊಂಡ ಅಂತ. ಬಂಡಾಯಕ್ಕೆ ನಮ್ಮಲ್ಲಿ 1979ರಿಂದ ಒಂದು ಸಾಹಿತ್ಯ ಸಂಘಟನೆಯೇ ಇದೆ. ಅದು ಇರಬೇಕಾದ್ದೇ. ಬಂಡಾಯ ಎದ್ದವರು ಮಾರನೇ ದಿನ ಮೇಜಿನ ಎದುರು ಕೂತು ಏನು ಬರಿಸಿಕೊಂಡರು ಅನ್ನೋದನ್ನ ಮಾತ್ರ ನಾವು ಸಾಹಿತ್ಯ ಅಂತ ಓದಲ್ಲ.

ನಾನು ಅಂಥ ಕೆಲವು ಕಾಗದಗಳನ್ನ ಓದಿದ್ದೇನೆ. ನಮ್ಮಪ್ಪ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು, ಅವರ ಟ್ರಂಕಿನಲ್ಲಿ ಮನೆಪತ್ರ, ಜಾತಕಗಳ ಜೊತೆ ಮೂರು ಅಗ್ರಿಮೆಂಟಿನ ಪುಸ್ತಿಕೆಗಳೂ ಇದ್ದವು. 'ಅಗ್ರಿಮೆಂಟ್ ಆಯ್ತಂತೆ' ಅಂದ್ರೆ ನಮ್ಮನೇಲಿ ಅರಿಯರ್ಸ್ ಬರುತ್ತೆ ಅಂತ ಅರ್ಥ. ಫ್ರಿಜ್ಜು ಬಂದಿದ್ದು ಒಂದು ಅಗ್ರಿಮೆಂಟಿನಲ್ಲಿ, ಅಕ್ಕನ ಮದುವೆಯ ಛತ್ರದ ಅಡ್ವಾನ್ಸು ಇನ್ನೊಂದರಲ್ಲಿ. ಪುಸ್ತಿಕೆ ಇಂಗ್ಲಿಷಿನಲ್ಲಿತ್ತು. ಅಪ್ಪನಿಗೆ ಅಷ್ಟು ಇಂಗ್ಲಿಷ್ ಬರ್ತಿರಲಿಲ್ಲ, ಆದರೆ ಯಾವ ಪುಟದಲ್ಲಿ ಯಾವ ಟೇಬಲ್ ಇದೆ ಅಂತ ಕಣ್ಣು ಮುಚ್ಚಿ ಹೇಳ್ತಿದ್ದರು.

ಪಠ್ಯವಾಗಿ ನೋಡಿದರೆ ಇದರ ಕಟ್ಟು ವಿಚಿತ್ರವಾಗಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಕೆಳಗಿನ ಕೇಂದ್ರ ನಿಯಮಗಳಲ್ಲಿ ಇದಕ್ಕೊಂದು ನಮೂನೆ ಇತ್ತು, ಫಾರ್ಮ್ ಎಚ್ ಅಂತ. ಮೊದಲು ಪಕ್ಷಗಾರರ ಹೆಸರು, ಮಾಲೀಕರ ಪರ ಯಾರು, ಕೆಲಸಗಾರರ ಪರ ಯಾರು. ಆಮೇಲೆ 'ಪ್ರಕರಣದ ಸಂಕ್ಷಿಪ್ತ ನಿರೂಪಣೆ'. ಆಮೇಲೆ ಷರತ್ತುಗಳು, ಸಹಿ, ಸಾಕ್ಷಿ. ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸೋದು ಆ ಸಂಕ್ಷಿಪ್ತ ನಿರೂಪಣೆ. ತಿಂಗಳುಗಟ್ಟಲೆ ಗೇಟ್ ಮೀಟಿಂಗು, ಸಸ್ಪೆಂಡ್ ಆದವರ ಮನೆಗೆ ಚಂದಾ ಎತ್ತಿ ಕೊಟ್ಟ ಅಕ್ಕಿ, ಪೊಲೀಸು, ಬೈಗುಳ ಎಲ್ಲ ಸೇರಿ ಅರ್ಧ ಪುಟಕ್ಕೆ ಇಳಿದಿರುತ್ತೆ: ಯೂನಿಯನ್ ಬೇಡಿಕೆ ಪಟ್ಟಿ ಸಲ್ಲಿಸಿತು, ಹಲವು ಸುತ್ತಿನ ಚರ್ಚೆ ನಡೆಯಿತು, ಸೌಹಾರ್ದಯುತವಾಗಿ ಇತ್ಯರ್ಥವಾಯಿತು. ಯಾರೂ ಯಾರಿಗೂ ಏನೂ ಮಾಡೇ ಇಲ್ಲ ಅನ್ನೋ ಹಾಗೆ. ಇಷ್ಟು ದೊಡ್ಡ ಸುಳ್ಳನ್ನ ಇಷ್ಟು ತಣ್ಣಗೆ ಬರೆಯೋದು ಯಾವ ಕಾದಂಬರಿಕಾರನಿಗೂ ಬರಲ್ಲ.

ಷರತ್ತುಗಳಿಗೆ ಬಂದರೆ ಭಾಷೆ ಬದಲಾಗುತ್ತೆ. ಫಿಟ್‌ಮೆಂಟ್, ಡಿಎ, ಶಿಫ್ಟ್ ಅಲೋವೆನ್ಸ್, ಯೂನಿಫಾರಂ ಒಗೆಯೋಕೆ ಇಷ್ಟು, ಕ್ಯಾಂಟೀನಿನಲ್ಲಿ ಊಟಕ್ಕೆ ಇಷ್ಟು, ವರ್ಷಕ್ಕೆ ಎಷ್ಟು ರಜೆ, ಅದನ್ನ ಎಷ್ಟರವರೆಗೆ ಕೂಡಿಡಬಹುದು. ಒಣಗಿದ ಗದ್ಯ ಅನ್ನಿಸುತ್ತೆ. ಒಂದೊಂದು ಸಾಲೂ ಒಬ್ಬ ಮೇಲ್ವಿಚಾರಕನ ಮರ್ಜಿಯನ್ನ ಕಿತ್ತುಕೊಂಡ ಸಾಲು ಅಂತ ತಿಳಿದು ಓದಿ, ಆಗ ರುಚಿ ಗೊತ್ತಾಗುತ್ತೆ. ಮಗುವಿಗೆ ಜ್ವರ ಅಂತ ರಜೆ ಕೇಳಿದಾಗ ಕೊಡೋದು ಬಿಡೋದು ಯಾರದೋ ಮೂಡಿನ ಮೇಲೆ ನಿಂತಿದ್ದರೆ ಅದು ದಯೆ. ಕಾಗದದಲ್ಲಿ ಇದ್ದರೆ ಕೇಳಿ ಪಡೆಯೋದು.

ಇನ್ನೂ ಕೆಳಗೆ, ಕೊನೆಯ ಪುಟಗಳಲ್ಲಿ, ಆಡಳಿತದ ಪಾಲು ಇರುತ್ತೆ. ಈ ಅವಧಿಯಲ್ಲಿ ಕಂಪನಿಗೆ ಹೊರೆಯಾಗೋ ಹೊಸ ಬೇಡಿಕೆ ಯೂನಿಯನ್ ಎತ್ತೋದಿಲ್ಲ. ಉತ್ಪಾದನೆ ಹೆಚ್ಚಿಸೋಕೆ, ಜನರನ್ನ ಒಂದು ವಿಭಾಗದಿಂದ ಇನ್ನೊಂದಕ್ಕೆ ಹಾಕೋಕೆ ಸಹಕರಿಸುತ್ತೆ. ಸಂಬಳದ ಟೇಬಲ್ಲಿಗೆ ಎಲ್ಲರೂ ಬೆರಳಿಟ್ಟು ನೋಡ್ತಾರೆ. ಈ ಪುಟ ಓದೋರು ಕಡಿಮೆ. ಮುಂದಿನ ಮೂರ್ನಾಲ್ಕು ವರ್ಷ ಬೆನ್ನು ಎಷ್ಟು ನೋಯಬೇಕು ಅನ್ನೋದು ಬರೆದಿರೋದು ಇಲ್ಲೇ.

ಕಾನೂನು ಈ ಕಾಗದಕ್ಕೆ ಕೊಟ್ಟಿದ್ದ ಬಲ ಸಣ್ಣದಲ್ಲ. ಎರಡೇ ಕಡೆಯವರು ಕೂತು ಮಾಡಿಕೊಂಡರೆ ಅದು 18(1), ಸಹಿ ಹಾಕಿದವರಿಗೆ ಮಾತ್ರ ಕಟ್ಟು. ಲೇಬರ್ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಆದರೆ ಅದು 12(3), ಕೆಲಸಗಾರರ ಬಾಯಲ್ಲಿ 'ಟ್ವೆಲ್ವ್ ತ್ರೀ'. ಅದು ಯೂನಿಯನ್ ಸದಸ್ಯರಲ್ಲದವರಿಗೂ ಅನ್ವಯ, ಮುಂದೆ ಕೆಲಸಕ್ಕೆ ಸೇರೋರಿಗೂ ಅನ್ವಯ. ಅಂದ್ರೆ ಇನ್ನೂ ಐಟಿಐ ಓದ್ತಿರೋ ಹುಡುಗನ ಪರವಾಗಿ, ಅವನ ಮುಖವನ್ನೂ ನೋಡದ ಯಾರೋ ಐದು ಜನ ಸಹಿ ಹಾಕ್ತಾರೆ. ಅವಧಿ ಮುಗಿದರೂ ಒಪ್ಪಂದ ಸಾಯಲ್ಲ. ಬೇಡ ಅಂತ ಒಂದು ಕಡೆಯವರು ಲಿಖಿತವಾಗಿ ತಿಳಿಸಿ ಎರಡು ತಿಂಗಳಾಗೋವರೆಗೆ ನಡೀತಾ ಇರುತ್ತೆ. ಪಾಳಿಯ ಹೊತ್ತು, ರಜೆ, ಸಂಬಳದಂಥ ವಿಷಯಗಳನ್ನ ಮಾಲೀಕ ಏಕಾಏಕಿ ಬದಲಾಯಿಸೋ ಹಾಗಿಲ್ಲ, 9ಎ ಪ್ರಕಾರ 21 ದಿನದ ನೋಟಿಸು ಕೊಡಬೇಕು.

ಇದು ಇಲ್ಲದಿದ್ದರೆ ಏನಾಗುತ್ತೆ ಅಂತ ನೋಡೋಕೆ ನಮ್ಮ ಬಸ್ ಡಿಪೋಗಳಿಗೇ ಹೋಗಬಹುದು. ಕರ್ನಾಟಕದ ಸಾರಿಗೆ ನಿಗಮಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ ಅನ್ನೋದು ರೂಢಿ. 2016ರ ಜುಲೈಯಲ್ಲಿ ಮೂರು ದಿನ ಬಸ್ ನಿಂತವು, ಸರ್ಕಾರದ ಮಾತು ಶೇ. 8ರಿಂದ 10ಕ್ಕೆ ಬಂತು, ಕೊನೆಗೆ 12.5ಕ್ಕೆ ನಿಂತಿತು. ಮುಂದಿನದು 2020ರ ಜನವರಿ 1ಕ್ಕೆ ಆಗಬೇಕಿತ್ತು. ಕೊರೊನಾ ಬಂತು. ಆಗಲಿಲ್ಲ. 2021ರ ಏಪ್ರಿಲ್‌ನಲ್ಲಿ ಎರಡು ವಾರ ಮುಷ್ಕರ ನಡೆಯಿತು, ನೆನಪಿರಬಹುದು. ಆಗಿನ ಘೋಷಣೆ ಗಮನಿಸಿದಿರಾ? ಒಳ್ಳೆ ಒಪ್ಪಂದ ಮಾಡಿಕೊಡಿ ಅಂತ ಅಲ್ಲ. ಆರನೇ ವೇತನ ಆಯೋಗದ ಪ್ರಕಾರ ಸಂಬಳ ಕೊಡಿ, ನಮ್ಮನ್ನ ಸರ್ಕಾರಿ ನೌಕರರ ಹಾಗೆ ನೋಡಿ ಅಂತ. ದಶಕಗಳಿಂದ ಮೇಜಿನ ಮುಂದೆ ಕೂತು ಗಿಟ್ಟಿಸಿಕೊಂಡು ಬಂದವರೇ, ಈ ಮೇಜೇ ಬೇಡ, ಆಯೋಗ ಕೊಡಿ ಅನ್ನೋ ಮಟ್ಟಕ್ಕೆ ಬಂದಿದ್ದರು. ಪತ್ರಿಕೆಗಳು ಪ್ರಯಾಣಿಕರ ಪರದಾಟ ಅಂತ ಪುಟ ತುಂಬಿಸಿದವು. ಈ ಒಂದು ಸಾಲಿನ ಅರ್ಥ ಬಿಡಿಸಿದ ಬರಹ ನನ್ನ ಕಣ್ಣಿಗಂತೂ ಬೀಳಲಿಲ್ಲ.

2023ರ ಮಾರ್ಚ್‌ನಲ್ಲಿ, ಚುನಾವಣೆ ಹೊಸ್ತಿಲಲ್ಲಿ, ಶೇ. 15 ಹೆಚ್ಚಳ ಅಂತ ಸರ್ಕಾರಿ ಆದೇಶ ಬಂತು. ಶೇ. 15 ಕಡಿಮೆಯಲ್ಲ, 12.5ಕ್ಕಿಂತ ಹೆಚ್ಚೇ. ಆದರೆ ಅದು ಅನ್ವಯ ಆಗಿದ್ದು 2023ರ ಮಾರ್ಚ್ 1ರಿಂದ. 2020ರ ಜನವರಿಯಿಂದ 2023ರ ಫೆಬ್ರವರಿವರೆಗಿನ 38 ತಿಂಗಳ ಲೆಕ್ಕ ನೇತಾಡ್ತಾ ಉಳೀತು. ಆದೇಶಕ್ಕೂ ಒಪ್ಪಂದಕ್ಕೂ ಇರೋ ವ್ಯತ್ಯಾಸ ಅರ್ಥ ಆಗಬೇಕಾದರೆ ಈ 38 ಅನ್ನೋ ಸಂಖ್ಯೆ ಸಾಕು. ಮೇಜಿನಲ್ಲಿ 'ಯಾವತ್ತಿನಿಂದ' ಅನ್ನೋದೇ ಒಂದು ಚೌಕಾಸಿ, ಅದಕ್ಕಾಗಿ ಶೇಕಡಾ ಅರ್ಧ ಬಿಟ್ಟುಕೊಟ್ಟು ಮೂರು ತಿಂಗಳು ಹಿಂದಕ್ಕೆ ತಳ್ಳೋರಿದ್ದಾರೆ. ಆದೇಶದಲ್ಲಿ ಚೌಕಾಸಿ ಇಲ್ಲ. ಬಂದಷ್ಟು ಬಂತು. ಆ 38 ತಿಂಗಳ ಹಿಂಬಾಕಿಯನ್ನೂ, 2024ರ ಜನವರಿಯಿಂದ ಆಗಬೇಕಿದ್ದ ಮುಂದಿನ ಪರಿಷ್ಕರಣೆಯನ್ನೂ ಕೇಳಿ 2025ರ ಆಗಸ್ಟ್ 5ರಂದು ಮತ್ತೆ ಬಸ್ ನಿಂತವು, ಹೈಕೋರ್ಟ್ ಆದೇಶದ ಮೇಲೆ ಅವತ್ತೇ ಮುಷ್ಕರ ನಿಂತಿತು. ಸಂಬಳದ ಗಲಾಟೆಯಲ್ಲಿ ಕೆಲಸದ ಹೊತ್ತಿನ ಮಾತು ಕೇಳೋರೇ ಇಲ್ಲ. ಡ್ರೈವರ್ ಕಂಡಕ್ಟರುಗಳ ಜೊತೆ ಕೂತರೆ ಮೊದಲು ಬರೋ ದೂರು 'ಫಾರಂ 4'. ಯಾವ ರೂಟು ಎಷ್ಟು ಹೊತ್ತಿನಲ್ಲಿ ಮುಗೀಬೇಕು ಅಂತ ನಿಗದಿ ಮಾಡೋ ಪಟ್ಟಿ ಅದು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕು ಆ ಪಟ್ಟಿಗೆ ಗೊತ್ತಿಲ್ಲ. ಊಟದ ಹೊತ್ತು, ಮೂತ್ರಕ್ಕೆ ಹೋಗೋ ಹೊತ್ತು ಅದರಲ್ಲೇ ಕರಗುತ್ತೆ. ಯಾವ ಶೇಕಡಾವಾರು ಹೆಚ್ಚಳವೂ ಅದನ್ನ ಮುಟ್ಟಲ್ಲ.

ಹಾಗಂತ ಒಪ್ಪಂದಪತ್ರವನ್ನ ದೇವರಪಟದ ಪಕ್ಕ ಇಡೋಕೆ ನಾನು ತಯಾರಿಲ್ಲ. ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್‌ನ ಲಕ್ಷಕ್ಕೂ ಹೆಚ್ಚು ಜನ 1980ರ ಡಿಸೆಂಬರ್ ಕೊನೆಯಿಂದ 1981ರ ಮಾರ್ಚ್‌ವರೆಗೆ 77 ದಿನ ಹೊರಗೆ ನಿಂತರು. ಕೇಳಿದ್ದು ಭೆಲ್‌ನವರಿಗೆ ಸಮನಾದ ಸಂಬಳ. ಹೆಚ್ಚುಕಡಿಮೆ ಬರಿಗೈಯಲ್ಲಿ ಒಳಗೆ ಹೋದರು. ಗೆದ್ದಾಗಲೂ ಕಾಗದದ ಮೊದಲ ಪುಟದಲ್ಲೇ ಒಂದು ಗೋಡೆ ಇರುತ್ತೆ: ಈ ಒಪ್ಪಂದ ಯಾರಿಗೆ ಅನ್ವಯ ಅನ್ನೋ ಷರತ್ತು. ಕಾಯಂ ನೌಕರರಿಗೆ. ಟ್ರೇನಿ, ಅಪ್ರೆಂಟಿಸ್, ಗುತ್ತಿಗೆಯವರಿಗೆ ಇಲ್ಲ. ಮುಂದಿನ ಮೂವತ್ತು ಪುಟ ಎಷ್ಟೇ ಚೆನ್ನಾಗಿದ್ದರೂ ಅದು ಗೋಡೆಯ ಒಳಗಿನವರಿಗೆ. ಅದೇ ಯಂತ್ರದ ಆಚೆ ಬದಿಯಲ್ಲಿ ನಿಂತವನು ಆ ಪುಸ್ತಿಕೆಯಲ್ಲಿ ಒಂದು ಅಕ್ಷರವೂ ಅಲ್ಲ. ಒಳಗಿನವರ ಹೆಚ್ಚಳದ ಖರ್ಚನ್ನ ಕಂಪನಿ ಎಲ್ಲಿಂದ ಸರಿದೂಗಿಸುತ್ತೆ ಅಂತ ಕೇಳೋಕೆ ಯೂನಿಯನ್ನುಗಳೂ ಹಿಂಜರಿಯುತ್ತವೆ, ಯಾಕಂದ್ರೆ ಉತ್ತರ ಗೊತ್ತು.

ಸಹಿ ಹಾಕೋರು ಯಾರು ಅನ್ನೋದು ಇನ್ನೊಂದು ತೊಡಕು. 1976ರ ಹರ್ಬರ್ಟ್‌ಸನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ ಇಷ್ಟು: ಒಪ್ಪಂದವನ್ನ ಇಡಿಯಾಗಿ ತೂಗಬೇಕು, ಈ ತುಂಡು ಒಳ್ಳೆಯದು ಆ ತುಂಡು ಕೆಟ್ಟದ್ದು ಅಂತ ಬಿಡಿಸಿ ನೋಡಬಾರದು. ಯೂನಿಯನ್ ಮಾತಾಡಿ ಮಾಡಿದ ಮೇಲೆ, ಪ್ರತಿಯೊಬ್ಬ ಕೆಲಸಗಾರನಿಗೂ ಎಲ್ಲ ಒಳಸುಳಿ ಗೊತ್ತಿರಲಿಲ್ಲ ಅಂತ ಅದನ್ನ ತಳ್ಳಿಹಾಕೋ ಹಾಗಿಲ್ಲ. ವ್ಯವಹಾರದ ದೃಷ್ಟಿಯಿಂದ ಇದು ಸರಿ. ಇಲ್ಲದಿದ್ದರೆ ಯಾವ ಒಪ್ಪಂದವೂ ನಿಲ್ಲಲ್ಲ. ಆದರೆ ಪುಸ್ತಿಕೆ ಇಂಗ್ಲಿಷಿನಲ್ಲಿ, ಕೆಲಸಗಾರ ಕನ್ನಡದಲ್ಲೋ ಭೋಜ್‌ಪುರಿಯಲ್ಲೋ, ಎಲ್ಲಾ ನಾಯಕರಿಗೇ ಬಿಟ್ಟದ್ದು ಅನ್ನೋ ರೂಢಿಗೂ ಇದು ಆಸರೆ ಆಗುತ್ತೆ.

ಆ ರೂಢಿ ಒಡೆದಿದ್ದು 2015ರ ಸೆಪ್ಟೆಂಬರ್‌ನಲ್ಲಿ, ಕೇರಳದ ಮುನ್ನಾರಿನ ಟೀ ತೋಟಗಳಲ್ಲಿ. ಬೋನಸ್ಸು ಶೇ. 10ಕ್ಕೆ ಇಳಿದಾಗ ಎಲೆ ಕೀಳೋ ತಮಿಳು ಹೆಂಗಸರು ಸಾವಿರಾರು ಜನ ರಸ್ತೆಗೆ ಬಂದರು. ಕಂಪನಿಯ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಸಿಟ್ಟು ಅವರ ಹೆಸರಿನಲ್ಲಿ ವರ್ಷಗಳಿಂದ ಸಹಿ ಹಾಕ್ತಿದ್ದ ಗಂಡಸು ನಾಯಕರ ಮೇಲೂ. ಪಕ್ಷದ ಬಾವುಟ ಹಿಡಿದು ಬಂದವರನ್ನ ಹತ್ತಿರ ಸೇರಿಸಲಿಲ್ಲ. 'ಪೆಂಬಿಳೈ ಒರುಮೈ', ಹೆಂಗಸರ ಒಗ್ಗಟ್ಟು ಅಂತ ತಮ್ಮದೇ ಹೆಸರಿಟ್ಟುಕೊಂಡರು. ಶೇ. 8.33 ಬೋನಸ್, ಶೇ. 11.67 ಎಕ್ಸ್‌ಗ್ರೇಷಿಯಾ, ಒಟ್ಟು 20 ಬಂತು. ಆಮೇಲೆ ದಿನಗೂಲಿಯ ಮಾತುಕತೆ. ಅವರು ಕೇಳಿದ್ದು 500, ಇದ್ದದ್ದು 232, ಆಗಿದ್ದು 301. ಅದರ ಜೊತೆಗೇ ದಿನಕ್ಕೆ ಕೀಳಬೇಕಾದ ಎಲೆ 21 ಕಿಲೋದಿಂದ 25 ಕಿಲೋಗೆ ಏರಿತು. ನಾನು ಮೇಲೆ ಹೇಳಿದ ಕೊನೆಯ ಪುಟ ನೆನಪಿದೆಯಲ್ಲ? ಅದೇ ಇದು. 301 ಪತ್ರಿಕೆಗಳ ತಲೆಬರಹಕ್ಕೆ ಬಂತು, 25 ಕಿಲೋ ಬೆನ್ನಿಗೆ ಬಂತು.

ಇಷ್ಟೆಲ್ಲ ದೋಷ ಇದ್ದರೂ ಕಾಗದ ಬೇಕು ಅಂತ ನಾನು ಯಾಕೆ ಹಠ ಹಿಡೀತೀನಿ ಅಂದ್ರೆ, ಕಾಗದವೇ ಇಲ್ಲದ ಗೆಲುವನ್ನೂ ಬೆಂಗಳೂರು ನೋಡಿದೆ. 2016ರ ಏಪ್ರಿಲ್ 18, 19. ಪಿಎಫ್‌ನಲ್ಲಿ ಮಾಲೀಕರ ಪಾಲನ್ನ 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಮಾಡಿದ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ ತುಂಬಿಬಿಟ್ಟರು. ಯಾವ ನಾಯಕರೂ ಕರೆದಿರಲಿಲ್ಲ. ಎರಡನೇ ದಿನಕ್ಕೆ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ನಮ್ಮ ಕಾಲದಲ್ಲಿ ಇಂಥ ಗೆಲುವು ಅಪರೂಪ. ಮಾರನೇ ದಿನ ಅವರು ಒಳಗೆ ಹೋದಾಗ ಲೈನಿನಲ್ಲಿ ಏನು ಬದಲಾಗಿತ್ತು? ಗಂಟೆಗೆ ಎಷ್ಟು ಪೀಸು ಅನ್ನೋ ಟಾರ್ಗೆಟ್ಟು ಅದೇ. ಸೂಪರ್‌ವೈಸರನ ಬಾಯಿ ಅದೇ. ಸಂಬಳ ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಯ ಆಸುಪಾಸು. ದೆಹಲಿಯನ್ನ ಬಗ್ಗಿಸಿದವರಿಗೆ ತಮ್ಮ ಫ್ಲೋರ್ ಇನ್‌ಚಾರ್ಜನ ಜೊತೆ ಕೂತು ಮಾತಾಡೋಕೆ ಒಂದು ಮೇಜಿರಲಿಲ್ಲ. ಬೊಮ್ಮನಹಳ್ಳಿಯ ಆ ಎರಡು ದಿನದ ಮೇಲೆ ಯಾರಾದರೂ ಸಿನಿಮಾ ತೆಗೆದರೆ ಚೆನ್ನಾಗೇ ಬರುತ್ತೆ, ಕಲ್ಲು, ಹೊಗೆ, ಬಸ್ಸು, ಜನಸಾಗರ ಎಲ್ಲ ಇದೆ. ಮೂರನೇ ದಿನದ ಬೆಳಗ್ಗೆ ಒಂಬತ್ತು ಗಂಟೆಯ ಪಂಚಿಂಗ್ ಅದರಲ್ಲಿ ಇರಲ್ಲ ಅಂತ ನಾನು ಪಂದ್ಯ ಕಟ್ಟಬಲ್ಲೆ.

ಈಗ ಆಟದ ನಿಯಮವೂ ಬದಲಾಗಿದೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು, 1947ರ ಕಾಯ್ದೆ ಹೋಯ್ತು. ಯಾವ ಕಾರ್ಖಾನೆಯಲ್ಲೇ ಆಗಲಿ 14 ದಿನದ ನೋಟಿಸಿಲ್ಲದೆ ಮುಷ್ಕರ ಮಾಡೋ ಹಾಗಿಲ್ಲ. ಅರ್ಧಕ್ಕರ್ಧ ಜನ ಒಟ್ಟಿಗೆ ಕ್ಯಾಷುಯಲ್ ರಜೆ ಹಾಕಿದರೂ ಅದು ಮುಷ್ಕರವೇ. ಚೌಕಾಸಿಯಲ್ಲಿ ಎದ್ದು ಹೋಗೋ ಸ್ವಾತಂತ್ರ್ಯ ಇಲ್ಲದಿದ್ದರೆ ಅಂಗಡಿಯವನು ದರ ಯಾಕೆ ಇಳಿಸ್ತಾನೆ ಅಂತ ಮಾರ್ಕೆಟ್ಟಿನ ಯಾವ ಅಜ್ಜಿಯನ್ನ ಕೇಳಿದರೂ ಹೇಳ್ತಾಳೆ. ಇನ್ನೊಂದು ಕಡೆ, ಯಾರ ಜೊತೆ ಮಾತಾಡಬೇಕು ಅನ್ನೋದಕ್ಕೆ ಕೇಂದ್ರದ ಕಾನೂನಿನಲ್ಲಿ ಕೊನೆಗೂ ಒಂದು ಲೆಕ್ಕ ಬಂದಿದೆ. ಒಂದಕ್ಕಿಂತ ಹೆಚ್ಚು ಯೂನಿಯನ್ ಇರೋ ಕಡೆ ಶೇ. 51 ಬೆಂಬಲ ಇರೋದೇ ಮಾತುಕತೆಯ ಯೂನಿಯನ್. ಅಷ್ಟು ಯಾರಿಗೂ ಇಲ್ಲದಿದ್ದರೆ ಶೇ. 20 ಇರೋರೆಲ್ಲ ಸೇರಿದ ಒಂದು ಮಂಡಳಿ. 'ನಮಕ್ ಹರಾಮ್' ಮಾಲೀಕನ ಆಟಕ್ಕೆ ಇದು ಸ್ವಲ್ಪ ಕಡಿವಾಣ ಆದೀತು ಅಂತ ಒಂದು ಕ್ಷಣ ಖುಷಿಯಾಯ್ತು.

ಆಮೇಲೆ ಆ 51 ಯಾವುದರ 51 ಅಂತ ಮತ್ತೆ ಓದಿದೆ. ಆ ಸಂಸ್ಥೆಯ ಹಾಜರಿ ಪಟ್ಟಿಯಲ್ಲಿ, ಮಸ್ಟರ್ ರೋಲಿನಲ್ಲಿ, ಇರೋ ಕೆಲಸಗಾರರ 51. ಗುತ್ತಿಗೆಯವನ ಹೆಸರು ಇರೋದು ಕಂಟ್ರಾಕ್ಟರನ ಪುಸ್ತಕದಲ್ಲಿ.